ಪೋರ್ಟ್ ಫಾರ್ವರ್ಡಿಂಗ್: ರೂಟರಿನಲ್ಲಿ ಒಂದು ಸಾಲು, ಸುತ್ತ ಹತ್ತು ತೊಡಕು

ಮನೆಯ ಕಂಪ್ಯೂಟರಿನಲ್ಲಿ ಓಡುವ ಸರ್ವರನ್ನು ಹೊರಗಿನವರು ಇಂಟರ್ನೆಟ್ಟಿನಿಂದ ತಲುಪುವಂತೆ ಮಾಡುವುದೇ ಪೋರ್ಟ್ ಫಾರ್ವರ್ಡಿಂಗ್. ಅದಕ್ಕೆ ಮನೆಯ ವೈಫೈ ರೂಟರಿನಲ್ಲಿ ತುಂಬಬೇಕಾದ್ದು ನಾಲ್ಕೇ ಖಾನೆ: ಹೊರಗಿನ ಪೋರ್ಟ್ (ಪ್ರೋಗ್ರಾಮಿನ ಬಾಗಿಲಿನ ಅಂಕಿ), ಒಳಗಿನ ಐಪಿ (ಕಂಪ್ಯೂಟರಿನ ವಿಳಾಸ), ಒಳಗಿನ ಪೋರ್ಟ್, ಪ್ರೊಟೊಕಾಲ್ (ಟಿಸಿಪಿ ಅಥವಾ ಯುಡಿಪಿ ಎಂಬ ರವಾನೆಯ ಬಗೆ). ತುಂಬಿ ಸೇವ್ ಒತ್ತಿದರೆ ಕೆಲಸ ಮುಗಿಯಬೇಕು. ಬಹಳ ಸಲ ಮುಗಿಯುವುದಿಲ್ಲ. ಹೊರಗಿನಿಂದ ಕನೆಕ್ಟ್ ಮಾಡಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಆಗ ಆ ಸಾಲನ್ನು ಅಳಿಸಿ ಮತ್ತೆ ಬರೆಯುವುದು, ರೂಟರನ್ನು ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಫೈರ್‌ವಾಲನ್ನೇ ಕಿತ್ತುಹಾಕಿ ಡಿಎಂಝಡ್ (ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಆನ್ ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆ ನಾಲ್ಕು ಖಾನೆಗಳಲ್ಲಿ ತಪ್ಪಾಗುವುದು ಕಡಿಮೆ. ತೊಡಕು ಇರುವುದು ಅದರ ಆಚೆಗೆ, ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ಕೊಟ್ಟ ವಿಳಾಸದಲ್ಲಿ. ಇಲ್ಲವೇ ಈಚೆಗೆ, ಸರ್ವರ್ ಓಡುತ್ತಿರುವ ಕಂಪ್ಯೂಟರಿನಲ್ಲಿ. ಹಾಗಾಗಿ ರೂಟರಿನ ಪುಟ ತೆರೆಯುವ ಮೊದಲು ನೋಡಬೇಕಾದ ಸಂಗತಿಗಳೇ ಇಲ್ಲಿ ಹೆಚ್ಚು.

ಉದಾಹರಣೆಗೆ ಒಂದು ಸಣ್ಣ ಲಿನಕ್ಸ್ ಕಂಪ್ಯೂಟರ್ ಇದೆ ಎಂದುಕೊಳ್ಳೋಣ. ಅದರ ವಿಳಾಸ 192.168.1.50. ಅದರಲ್ಲಿ ಮೈನ್‌ಕ್ರಾಫ್ಟ್ ಆಟದ ಜಾವಾ ಸರ್ವರ್ ಓಡುತ್ತಿದೆ, ಪೋರ್ಟ್ ಟಿಸಿಪಿ 25565. ರೂಟರಿನ ವಿಳಾಸ 192.168.1.1. ನಿಮ್ಮ ಸರ್ವರ್ ಬೇರೆಯದಿದ್ದರೆ ಅಂಕಿಗಳು ಮಾತ್ರ ಬದಲಾಗುತ್ತವೆ.

192.168, 10, ಮತ್ತು 172.16ರಿಂದ 172.31ರವರೆಗೆ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. 1996ರಿಂದಲೂ ಇದೇ ಪಟ್ಟಿ. ಇವು ಇಂಟರ್ನೆಟ್ಟಿನಲ್ಲಿ ಓಡಾಡುವುದಿಲ್ಲ. ಮನೆಯೊಳಗಿನ ಸಾಧನ ಹೊರಗೆ ಹೊರಟಾಗ ರೂಟರ್ ಅದರ ವಿಳಾಸ ತೆಗೆದು ತನ್ನ ಸಾರ್ವಜನಿಕ ವಿಳಾಸ ಹಾಕುತ್ತದೆ, ಯಾರು ಯಾವ ಪೋರ್ಟಿನಿಂದ ಹೋದರು ಎಂದು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಕೋಷ್ಟಕ ನೋಡಿ ಸರಿಯಾದವರಿಗೆ ದಾಟಿಸುತ್ತದೆ. ಇದೇ ನ್ಯಾಟ್. ಹೊರಗಿನವರೇ ಮೊದಲು ಬಾಗಿಲು ತಟ್ಟಿದರೆ ಕೋಷ್ಟಕದಲ್ಲಿ ಹೆಸರಿರುವುದಿಲ್ಲ, ರೂಟರ್ ಆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಕೋಷ್ಟಕದಲ್ಲಿ ನಾವೇ ಮೊದಲೇ ಬರೆದಿಡುವ ಕಾಯಂ ಸಾಲು: 25565ಕ್ಕೆ ಯಾರೇ ಬಂದರೂ 192.168.1.50ಕ್ಕೆ ಕಳಿಸು.

ಮೊದಲು ವಿಳಾಸ ನಿಮ್ಮದೇ ಹೌದೇ ನೋಡಿ

ಬ್ರೌಸರಿನಲ್ಲಿ 192.168.1.1 ತೆರೆದು, ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಮುಖದ ವಿಳಾಸ) ಎಂಬುದನ್ನು ಹುಡುಕಿ ಬರೆದುಕೊಳ್ಳಿ. ನಿಮ್ಮ ರೂಟರಿನ ವಿಳಾಸ ಬೇರೆ ಇರಬಹುದು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಓಡಿಸಿದಾಗ ಡೀಫಾಲ್ಟ್ ಗೇಟ್‌ವೇ ಎಂದು ಬರುವುದೇ ಅದು. ಆಮೇಲೆ ನಿಮ್ಮ ಐಪಿ ಎಷ್ಟು ಎಂದು ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ಮುಂದಕ್ಕೆ ಹೋಗಿ. ಬೇರೆ ಬೇರೆಯಾಗಿದ್ದರೆ ಇಲ್ಲೇ ನಿಲ್ಲಿ. ಇದು ಬಗೆಹರಿಯದೆ ಒಳಗೆ ಎಷ್ಟು ಸಾಲು ಬರೆದರೂ ನೀರಿನಲ್ಲಿ ಹೋಮ ಮಾಡಿದಂತೆ.

ವ್ಯಾನ್ ಐಪಿ 100.64.0.0ರಿಂದ 100.127.255.255ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ4 (192.168.1.50ರಂಥ ನಾಲ್ಕು ಅಂಕಿಯ) ವಿಳಾಸಗಳು ಸಾಲದೆ ಬಂದಾಗ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಲೆಂದು 2012ರಲ್ಲಿ ಮೀಸಲಿಟ್ಟ ಶ್ರೇಣಿ ಇದು. ಸಾರ್ವಜನಿಕ ವಿಳಾಸ ಇರುವುದು ಐಎಸ್‌ಪಿಯ ಉಪಕರಣದಲ್ಲಿ, ಅದರ ಕೋಷ್ಟಕಕ್ಕೆ ನಿಮ್ಮ ಕೈ ತಾಗದು. ಕೆಲವು ಐಎಸ್‌ಪಿಗಳು ಸಿಜಿನ್ಯಾಟ್‌ಗೆ 10ರಿಂದ ಶುರುವಾಗುವ ವಿಳಾಸವನ್ನೂ ಕೊಡುವುದುಂಟು. ಪರಿಹಾರ ಮೂರೇ: ಐಎಸ್‌ಪಿಯನ್ನು ಸಾರ್ವಜನಿಕ ಐಪಿ ಕೇಳುವುದು, ಐಪಿವಿ6 (ಹೊಸ ಬಗೆಯ ವಿಳಾಸ, ಕೊನೆಯಲ್ಲಿ ವಿವರ ಇದೆ) ಹಿಡಿಯುವುದು, ಅಥವಾ ಹೊರಗಿನ ಒಂದು ಬಾಡಿಗೆ ಸರ್ವರಿನಿಂದ ಮನೆಗೆ ಟನೆಲ್ ಹಾಕುವುದು. ಕೇಳುವಾಗ ‘ಸ್ಟ್ಯಾಟಿಕ್ ಐಪಿ ಬೇಕು’ ಎನ್ನುವ ಬದಲು ‘ಪಬ್ಲಿಕ್ ಐಪಿ ಬೇಕು, ಬದಲಾಗುತ್ತಿದ್ದರೂ ಪರವಾಗಿಲ್ಲ’ ಎನ್ನಿ. ಎರಡೂ ಬೇರೆ. ಫಾರ್ವರ್ಡಿಂಗಿಗೆ ಬೇಕಾದ್ದು ಎರಡನೆಯದು ಮಾತ್ರ.

ವ್ಯಾನ್ ಐಪಿಯೇ 192.168ರಿಂದ ಶುರುವಾಗಿದ್ದರೆ ಅದು ಹೆಚ್ಚಾಗಿ ಮನೆಯೊಳಗಿನದೇ ಸಮಸ್ಯೆ. ಐಎಸ್‌ಪಿ ಕೊಟ್ಟ ಫೈಬರ್ ಪೆಟ್ಟಿಗೆ ತಾನೂ ಒಂದು ರೂಟರ್. ಅದರ ಹಿಂದೆ ನೀವು ಕೊಂಡು ತಂದ ವೈಫೈ ರೂಟರ್ ಇನ್ನೊಂದು. ಎರಡು ನ್ಯಾಟ್, ಎರಡು ಬಾಗಿಲು. ಒಳ್ಳೆಯ ದಾರಿ ಎಂದರೆ ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕ ದಾಟಿಸುವುದಕ್ಕಷ್ಟೇ) ಹಾಕಿ, ಐಎಸ್‌ಪಿ ಕೊಟ್ಟ ಪಿಪಿಪಿಒಇ ಲಾಗಿನ್ನಿನ ಯೂಸರ್‌ನೇಮ್ ಪಾಸ್‌ವರ್ಡ್ ಇದ್ದರೆ ಅದನ್ನು ನಿಮ್ಮ ರೂಟರಿನಲ್ಲಿ ಹಾಕುವುದು. ಅದಕ್ಕೆ ಅವಕಾಶವಿಲ್ಲದಿದ್ದರೆ ನಿಮ್ಮ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಹಂಚುವುದಕ್ಕಷ್ಟೇ) ಇಳಿಸಿ, ಫಾರ್ವರ್ಡಿಂಗ್ ಫೈಬರ್ ಪೆಟ್ಟಿಗೆಯಲ್ಲಿ ಮಾಡಿ. ಎರಡೂ ಆಗದಿದ್ದರೆ ಎರಡು ಕಡೆಯೂ ಸಾಲು ಬರೆಯಿರಿ: ಹೊರಗಿನ ಪೆಟ್ಟಿಗೆ 25565ನ್ನು ನಿಮ್ಮ ರೂಟರಿನ ವ್ಯಾನ್ ಐಪಿಗೆ ಕಳಿಸಲಿ, ನಿಮ್ಮ ರೂಟರ್ 192.168.1.50ಕ್ಕೆ ಕಳಿಸಲಿ. ಡಿಎಂಝಡ್‌ಗೆ ಒಂದು ನ್ಯಾಯವಾದ ಉಪಯೋಗ ಇರುವುದು ಇಲ್ಲೇ. ಹೊರಗಿನ ಪೆಟ್ಟಿಗೆಯ ಡಿಎಂಝಡ್‌ಗೆ ಒಳಗಿನ ರೂಟರಿನ ವಿಳಾಸ ಕೊಟ್ಟರೆ ಎಲ್ಲವೂ ಅದಕ್ಕೆ ಬರುತ್ತದೆ, ತಡೆಯುವ ಕೆಲಸ ಒಳಗಿನ ರೂಟರ್ ಮಾಡುತ್ತದೆ. ಕಂಪ್ಯೂಟರಿನ ವಿಳಾಸವನ್ನು ಡಿಎಂಝಡ್‌ಗೆ ಕೊಡುವುದು ಮಾತ್ರ ಬೇಡ. ಕೇಳದೆ ಬಂದದ್ದನ್ನೆಲ್ಲ 65,535 ಪೋರ್ಟುಗಳಲ್ಲೂ ಅದರ ತಲೆಗೆ ಕಟ್ಟಿದ ಹಾಗಾಗುತ್ತದೆ.

ಒಂದೇ ಎಚ್ಚರಿಕೆ: ಎರಡು ಪೆಟ್ಟಿಗೆಗಳೂ 192.168.1 ಸರಣಿಯನ್ನೇ ಹಂಚುತ್ತಿದ್ದರೆ ಎರಡು ಕಡೆ ಸಾಲು ಬರೆದರೂ ಡಿಎಂಝಡ್ ಹಾಕಿದರೂ ಸರಿಹೋಗುವುದಿಲ್ಲ. ಒಂದನ್ನು 192.168.2ಕ್ಕೆ ಬದಲಿಸಿ.

ಒಳಗಿನ ವಿಳಾಸ ಅಲುಗಾಡಬಾರದು

ಸಾಧನಗಳಿಗೆ ಐಪಿ ಹಂಚುವ ರೂಟರಿನ ಡಿಎಚ್‌ಸಿಪಿ ಇವತ್ತು 50 ಕೊಟ್ಟದ್ದು ಮುಂದಿನ ವಾರ 53 ಕೊಡಬಹುದು. ಫಾರ್ವರ್ಡಿಂಗ್ ಸಾಲು ಮಾತ್ರ 50ಕ್ಕೇ ಕಳಿಸುತ್ತಿರುತ್ತದೆ. ‘ಎರಡು ವಾರ ಚೆನ್ನಾಗಿತ್ತು, ಆಮೇಲೆ ತಾನಾಗಿ ಕೆಟ್ಟಿತು’ ಎನ್ನುವ ದೂರಿಗೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬುದಿರುತ್ತದೆ. ಅಲ್ಲಿ ಸಾಧನದ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆ) 192.168.1.50ನ್ನು ಕಾಯಂ ಮಾಡಿ, ಆ ಸಾಧನದ ನೆಟ್‌ವರ್ಕನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹಳೆಯ ಲೀಸ್ (ತಾತ್ಕಾಲಿಕವಾಗಿ ಸಿಕ್ಕ ವಿಳಾಸ) ಬಿಟ್ಟು ಹೊಸದನ್ನು ಪಡೆಯಲು ಅಷ್ಟು ಬೇಕು.

ಲ್ಯಾಪ್‌ಟಾಪಿನ ಕೇಬಲ್ ಪೋರ್ಟಿಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು ಮ್ಯಾಕ್ ಇರುತ್ತದೆ. ವೈಫೈಗೆ ರಿಸರ್ವ್ ಮಾಡಿ ಕೇಬಲ್ ಸಿಕ್ಕಿಸಿದರೆ ಬೇರೆ ಐಪಿ ಬರುತ್ತದೆ, ರೂಟರನ್ನು ಬೈದು ಪ್ರಯೋಜನವಿಲ್ಲ. ಹಳೆಯ ಫೋನನ್ನು ಕ್ಯಾಮೆರಾ ಸರ್ವರ್ ಮಾಡಿಕೊಂಡವರಿಗೆ ಇನ್ನೊಂದು ತೊಡಕು: ಈಗಿನ ಆಂಡ್ರಾಯ್ಡ್ ಮತ್ತು ಐಒಎಸ್ ಪ್ರತಿ ವೈಫೈಗೆ ಒಂದೊಂದು ಕೃತಕ ಮ್ಯಾಕ್ ತೋರಿಸುತ್ತವೆ. ಮ್ಯಾಕ್ ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕೃತಕ ಎಂದು ತಿಳಿಯಿರಿ. ಆ ನೆಟ್‌ವರ್ಕಿಗೆ ಮಾತ್ರ ಪ್ರೈವೇಟ್ ವಿಳಾಸ ಆಫ್ ಮಾಡಿ, ಆಮೇಲೆ ರಿಸರ್ವ್ ಮಾಡಿ.

ಐಪಿಯನ್ನು ಸಾಧನದಲ್ಲೇ ಕೈಯಿಂದ ಹಾಕುವ ಅಭ್ಯಾಸ ಹಲವರಿಗಿದೆ. ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಡಿಎಚ್‌ಸಿಪಿ ಹಂಚುವ ಶ್ರೇಣಿಯ ಹೊರಗಿನದನ್ನು ಆರಿಸಿ, ಗೇಟ್‌ವೇ ಖಾನೆಯನ್ನು ಎರಡು ಸಲ ನೋಡಿ. ಗೇಟ್‌ವೇ ತಪ್ಪಿದ್ದರೆ ಮನೆಯೊಳಗೆ ಎಲ್ಲವೂ ಸರಾಗ. ಹೊರಗಿನವರ ಪ್ಯಾಕೆಟ್ ಬಂದು ಸೇರುತ್ತದೆ, ಉತ್ತರಕ್ಕೆ ದಾರಿ ಇರುವುದಿಲ್ಲ. ರಿಸರ್ವೇಶನ್‌ನಲ್ಲಿ ಈ ರಗಳೆಯೇ ಇಲ್ಲ, ಹಾಗಾಗಿ ನನ್ನ ಓಟು ಅದಕ್ಕೇ.

ಸರ್ವರ್ ಆಗುವ ಯಂತ್ರ ಕೇಬಲ್‌ನಲ್ಲಿದ್ದರೆ ಒಳ್ಳೆಯದು. ವೈಫೈಯಲ್ಲೇ ಇರಬೇಕಾದರೆ ಗೆಸ್ಟ್ ನೆಟ್‌ವರ್ಕಿನಲ್ಲಿ ಇರಬಾರದು. ಗೆಸ್ಟ್ ಎಂದರೆ ಸಾಮಾನ್ಯವಾಗಿ ಉಳಿದ ಸಾಧನಗಳಿಂದ ಬೇರ್ಪಡಿಸಿಟ್ಟ ಜಾಲ. ಕೆಲವು ವೈಫೈ ರಿಪೀಟರುಗಳು ತಾವೇ ರೂಟರ್ ಆಗಿ ಕೂತುಬಿಡುತ್ತವೆ. ಉಳಿದೆಲ್ಲ ಸಾಧನಗಳಿಗೆ 192.168.1 ಬಂದು, ರಿಪೀಟರಿನ ಕೆಳಗಿನವಕ್ಕೆ ಮಾತ್ರ 192.168.0 ಬಂದರೆ ಅದೇ ಗುರುತು.

ಸರ್ವರ್ ಕಿವಿಗೊಟ್ಟಿದೆಯೇ

ರೂಟರ್ ಎಂದೂ ಪೋರ್ಟ್ ‘ತೆರೆಯುವುದಿಲ್ಲ’; ಬಂದದ್ದನ್ನು ದಾಟಿಸುತ್ತದೆ ಅಷ್ಟೆ. ತೆರೆಯುವುದು ಒಳಗಿನ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಎಸ್‌ಎಸ್ ಆಜ್ಞೆಗೆ ಟಿ, ಎಲ್, ಎನ್, ಪಿ ಸೇರಿಸಿ (ss -tlnp) ಓಡಿಸಿ. ವಿಂಡೋಸ್‌ನಲ್ಲಿ ನೆಟ್‌ಸ್ಟಾಟ್‌ಗೆ ಎ, ಎನ್, ಓ (netstat -ano). ಪಟ್ಟಿಯಲ್ಲಿ 25565 ಇರುವ ಸಾಲು ಹುಡುಕಿ, ಅದರ ಎಡಕ್ಕಿರುವ ವಿಳಾಸ ಓದಿ. 0.0.0.0 ಇದ್ದರೆ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತಿದೆ. ಎರಡು ಕೋಲನ್ ಮಾತ್ರ ಇದ್ದರೆ ಅದು ಐಪಿವಿ6 ರೂಪ, ಐಪಿವಿ4 ಅದರಲ್ಲಿ ಸೇರಿರಬಹುದು, ಸೇರದೆಯೂ ಇರಬಹುದು. 127.0.0.1 ಇದ್ದರೆ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ, ಹೊರಗಿನವರಿಗೆ ಕಿವುಡು. ಡೇಟಾಬೇಸುಗಳು, ಡೆವಲಪ್‌ಮೆಂಟ್ ವೆಬ್ ಸರ್ವರುಗಳು ಹಲವು ಹೀಗೇ ಶುರುವಾಗುತ್ತವೆ. ಅವುಗಳ ಸೆಟ್ಟಿಂಗಿನಲ್ಲಿ ಬೈಂಡ್ ಅಥವಾ ಹೋಸ್ಟ್ ಎಂಬ ಸಾಲು ಬದಲಿಸಬೇಕು. ಪಟ್ಟಿಯಲ್ಲಿ 25565ರ ಸಾಲೇ ಇಲ್ಲದಿದ್ದರೆ ಸರ್ವರ್ ಓಡುತ್ತಲೇ ಇಲ್ಲ.

ಈಗ ಅದೇ ವೈಫೈಯ ಇನ್ನೊಂದು ಸಾಧನದಿಂದ 192.168.1.50ರ 25565ಕ್ಕೆ ಕನೆಕ್ಟ್ ಮಾಡಿ. ಇಲ್ಲಿ ಆಗದಿದ್ದರೆ ರೂಟರಿನ ಕಡೆ ತಲೆ ಹಾಕಬೇಡಿ. ಸರ್ವರ್ ಕಂಪ್ಯೂಟರಿನ ಫೈರ್‌ವಾಲ್ ಅಡ್ಡ ನಿಂತಿರುತ್ತದೆ.

ವಿಂಡೋಸ್ ಫೈರ್‌ವಾಲ್ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಅದು ಮೂರು ಬಗೆಯಲ್ಲಿ ಆಟವಾಡಿಸುತ್ತದೆ. ಒಂದು, ಮನೆಯ ವೈಫೈ ಪಬ್ಲಿಕ್ ಎಂದು ಗುರುತಾಗಿರುತ್ತದೆ, ನೀವು ಬರೆದ ಅನುಮತಿ ಪ್ರೈವೇಟ್‌ಗೆ ಮಾತ್ರ ಇರುತ್ತದೆ. ಎರಡು, ಮೊದಲ ಸಲ ಪ್ರೋಗ್ರಾಂ ಓಡಿಸಿದಾಗ ‘ಅನುಮತಿ ಕೊಡಲೇ’ ಎಂದು ಕೇಳುವ ಕಿಟಕಿಯಲ್ಲಿ ಕ್ಯಾನ್ಸಲ್ ಒತ್ತಿದ್ದರೆ, ಅದು ಸುಮ್ಮನೆ ಹೋಗದೆ ಆ ಪ್ರೋಗ್ರಾಮಿಗೆ ತಡೆ ನಿಯಮ ಬರೆದಿಟ್ಟು ಹೋಗಿರುತ್ತದೆ. ತಡೆಯುವ ನಿಯಮ ಅನುಮತಿಯ ನಿಯಮಕ್ಕಿಂತ ಮೇಲು, ಹಾಗಾಗಿ ಆಮೇಲೆ ಎಷ್ಟು ಪೋರ್ಟ್ ಅನುಮತಿ ಕೊಟ್ಟರೂ ಕೆಲಸ ಮಾಡುವುದಿಲ್ಲ. ಇನ್‌ಬೌಂಡ್ ರೂಲ್ಸ್ ಪಟ್ಟಿಯಲ್ಲಿ ಕೆಂಪು ಗುರುತಿನ ಆ ಹೆಸರನ್ನು ಹುಡುಕಿ ಅಳಿಸಬೇಕು. ಮೂರು, ಕೆಲವು ನಿಯಮಗಳ ಸ್ಕೋಪ್ ಟ್ಯಾಬಿನಲ್ಲಿ ಲೋಕಲ್ ಸಬ್‌ನೆಟ್ ಎಂದಿರುತ್ತದೆ. ಆಗ ಮನೆಯೊಳಗಿನ ಪರೀಕ್ಷೆ ಪಾಸು, ಹೊರಗಿನದು ಫೇಲು. ಇದು ಗೊತ್ತಿಲ್ಲದೆ ರೂಟರನ್ನು ಶಪಿಸುತ್ತಾ ಕೂತವರು ಬಹಳ.

ನಾಲ್ಕು ಖಾನೆ

ಇಷ್ಟಾದ ಮೇಲೆ ರೂಟರ್. ಟಿಪಿ-ಲಿಂಕ್‌ನಲ್ಲಿ ಅಡ್ವಾನ್ಸ್ಡ್, ಅದರೊಳಗೆ ನ್ಯಾಟ್ ಫಾರ್ವರ್ಡಿಂಗ್, ಅದರೊಳಗೆ ವರ್ಚುವಲ್ ಸರ್ವರ್ಸ್ ಅಥವಾ ಪೋರ್ಟ್ ಫಾರ್ವರ್ಡಿಂಗ್. ಆಸುಸ್‌ನಲ್ಲಿ ವ್ಯಾನ್ ಪುಟದ ವರ್ಚುವಲ್ ಸರ್ವರ್ ಟ್ಯಾಬ್. ನೆಟ್‌ಗಿಯರ್‌ನಲ್ಲಿ ಅಡ್ವಾನ್ಸ್ಡ್ ಸೆಟಪ್ ಒಳಗೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ನೆಟ್‌ವರ್ಕ್, ಫೈರ್‌ವಾಲ್, ಪೋರ್ಟ್ ಫಾರ್ವರ್ಡ್ಸ್. ಬೇರೆ ಕಂಪನಿಯದಾದರೆ ನ್ಯಾಟ್, ವರ್ಚುವಲ್ ಸರ್ವರ್, ಆ್ಯಪ್ಸ್ ಅಂಡ್ ಗೇಮಿಂಗ್ ಈ ಮೂರರಲ್ಲಿ ಒಂದು ಹೆಸರು ಸಿಗುತ್ತದೆ. ಪೋರ್ಟ್ ಟ್ರಿಗರಿಂಗ್ ಎಂಬುದು ಪಕ್ಕದಲ್ಲೇ ಇರುತ್ತದೆ. ಅದು ಒಳಗಿನವರು ಮೊದಲು ಹೊರಗೆ ಹೋದಾಗ ಮಾತ್ರ ತಾತ್ಕಾಲಿಕವಾಗಿ ತೆರೆಯುವ ಬಗೆ, ಸರ್ವರಿಗೆ ಉಪಯೋಗವಿಲ್ಲ.

ಹೊರಗಿನ ಪೋರ್ಟ್ 25565, ಒಳಗಿನ ಐಪಿ 192.168.1.50, ಒಳಗಿನ ಪೋರ್ಟ್ 25565, ಪ್ರೊಟೊಕಾಲ್ ಟಿಸಿಪಿ. ಹೊರಗಿನ ಐಪಿ ಅಥವಾ ಸೋರ್ಸ್ ಐಪಿ ಎಂಬ ಖಾನೆ ಇದ್ದರೆ ಖಾಲಿ ಬಿಡಿ. ಹಲವರು ಅಲ್ಲಿ ತಮ್ಮದೇ ಸಾರ್ವಜನಿಕ ಐಪಿ ತುಂಬುತ್ತಾರೆ. ಸೋರ್ಸ್ ಎಂದರೆ ಬರುವವನ ವಿಳಾಸ. ಅಲ್ಲಿ ನಿಮ್ಮದನ್ನು ಬರೆದರೆ ನಿಮ್ಮ ಹೊರತು ಯಾರೂ ಬರಬಾರದು ಎಂದ ಹಾಗೆ. ಸೋರ್ಸ್ ಪೋರ್ಟ್ ಕೂಡ ಹಾಗೆಯೇ. ಬರುವವನ ಕಂಪ್ಯೂಟರ್ ತನ್ನ ಕಡೆಯ ಪೋರ್ಟನ್ನು ಪ್ರತಿ ಸಲ ಬೇರೆ ಆರಿಸಿಕೊಳ್ಳುತ್ತದೆ, ಅಲ್ಲಿ 25565 ಬರೆದರೆ ಆ ಸಾಲು ಎಂದೂ ಹೊಂದುವುದಿಲ್ಲ.

ಟಿಸಿಪಿಯೋ ಯುಡಿಪಿಯೋ ಎಂಬುದನ್ನು ಪ್ರೋಗ್ರಾಮಿನ ದಾಖಲೆ ನೋಡಿ ತುಂಬಿ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಬಗೆ) ಟಿಸಿಪಿ 22. ವೆಬ್ ಟಿಸಿಪಿ 80 ಮತ್ತು 443. ಪ್ಲೆಕ್ಸ್ ಟಿಸಿಪಿ 32400. ಹೋಮ್ ಅಸಿಸ್ಟಂಟ್ ಟಿಸಿಪಿ 8123. ಮೈನ್‌ಕ್ರಾಫ್ಟ್ ಬೆಡ್‌ರಾಕ್ ಯುಡಿಪಿ 19132. ಜಾವಾದ ಅಂಕಿಯನ್ನು ಇದಕ್ಕೆ ಹಾಕಿ ಒದ್ದಾಡುವವರಿದ್ದಾರೆ. ದೂರದಿಂದ ಮನೆಯ ಜಾಲಕ್ಕೆ ಗುಪ್ತ ದಾರಿ ಹಾಕುವ ವಿಪಿಎನ್‌ಗಳಲ್ಲಿ ವೈರ್‌ಗಾರ್ಡ್ ಯುಡಿಪಿ 51820, ಓಪನ್‌ವಿಪಿಎನ್ ಯುಡಿಪಿ 1194. ‘ಎರಡೂ’ ಎಂಬ ಆಯ್ಕೆ ಹಾಕಿದರೂ ನಡೆಯುತ್ತದೆ, ಆದರೆ ಬೇಡದ ಬಾಗಿಲು ಏಕೆ?

ಹೊರಗಿನ ಪೋರ್ಟ್, ಒಳಗಿನ ಪೋರ್ಟ್ ಒಂದೇ ಆಗಬೇಕೆಂದಿಲ್ಲ. ಹೊರಗೆ 2201ನ್ನು ಒಂದು ಯಂತ್ರದ 22ಕ್ಕೆ, 2202ನ್ನು ಇನ್ನೊಂದರ 22ಕ್ಕೆ ಕಳಿಸಬಹುದು. ಒಂದೇ ಹೊರಗಿನ ಪೋರ್ಟನ್ನು ಇಬ್ಬರಿಗೆ ಕೊಡಲಾಗದು. ಒಂದೇ ಮನೆಯಲ್ಲಿ ಎರಡು ಎಕ್ಸ್‌ಬಾಕ್ಸ್ ಇಟ್ಟು 3074ನ್ನು ಇಬ್ಬರಿಗೂ ಫಾರ್ವರ್ಡ್ ಮಾಡಲು ಹೋದರೆ ಒಂದಕ್ಕೆ ಮಾತ್ರ ಸಿಗುತ್ತದೆ. ರೂಟರಿನದೇ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಆಗಿದ್ದರೆ 443 ಅಥವಾ 8080ನ್ನು ಅದೇ ಹಿಡಿದುಕೊಂಡಿರಬಹುದು. ಅದನ್ನು ಆಫ್ ಮಾಡಿ, ಹೇಗೂ ಆನ್ ಇರಬಾರದ ವಸ್ತು. 7547 ಐಎಸ್‌ಪಿಗಳು ದೂರದಿಂದ ರೂಟರ್ ನಿಭಾಯಿಸಲು ಬಳಸುವ ಪೋರ್ಟ್, ಅದರ ತಂಟೆ ಬೇಡ. ಇನ್ನು 25, 80, 445 ಮುಂತಾದವನ್ನು ಹಲವು ಐಎಸ್‌ಪಿಗಳು ತಮ್ಮ ಕಡೆಯೇ ತಡೆದಿರುತ್ತಾರೆ. 80 ಬರದಿದ್ದರೆ ಹೊರಗೆ 8480ರಂಥ ಮೇಲಿನ ಅಂಕಿ ಹಾಕಿ ನೋಡಿ. ಅದು ಬಂದರೆ ತಡೆ ಐಎಸ್‌ಪಿಯದು.

ಯುಪಿಎನ್‌ಪಿ ಆನ್ ಇದ್ದರೆ ಇದೆಲ್ಲ ತಾನೇ ಆಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಒಳಗಿನ ಯಾವ ಪ್ರೋಗ್ರಾಂ ಕೇಳಿದರೂ ಪಾಸ್‌ವರ್ಡ್ ಇಲ್ಲದೆ ರೂಟರ್ ಬಾಗಿಲು ತೆರೆಯುತ್ತದೆ, ಅಗ್ಗದ ಕ್ಯಾಮೆರಾ ಕೇಳಿದರೂ, ವೈರಸ್ ಕೇಳಿದರೂ. ಗೇಮ್ ಕನ್ಸೋಲ್ ಬಿಟ್ಟರೆ ಅದರ ಅಗತ್ಯ ಹೆಚ್ಚೇನಿಲ್ಲ, ಆಫ್ ಮಾಡಿ ಸಾಲುಗಳನ್ನು ಕೈಯಿಂದ ಬರೆಯುವುದೇ ವಾಸಿ.

ಪರೀಕ್ಷೆ ಹೊರಗಿನಿಂದ

ಮನೆಯ ವೈಫೈಯಲ್ಲೇ ಕೂತು ಸಾರ್ವಜನಿಕ ಐಪಿಗೆ ಕನೆಕ್ಟ್ ಮಾಡಿ ‘ಆಗಲಿಲ್ಲ’ ಎನ್ನಬೇಡಿ. ಒಳಗಿನಿಂದ ಹೊರಟು, ರೂಟರಿನ ಹೊರಮುಖ ಮುಟ್ಟಿ, ಮತ್ತೆ ಒಳಗೆ ಬರುವುದಕ್ಕೆ ನ್ಯಾಟ್ ಲೂಪ್‌ಬ್ಯಾಕ್ ಬೇಕು, ಎಲ್ಲ ರೂಟರುಗಳಲ್ಲೂ ಅದಿಲ್ಲ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿ. ಪೋರ್ಟ್ ಚೆಕ್ ಮಾಡುವ ವೆಬ್‌ಸೈಟುಗಳೂ ಆಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಟಿಸಿಪಿ ಮಾತ್ರ ನೋಡುತ್ತವೆ, ಅದೂ ಒಳಗೆ ಸರ್ವರ್ ಓಡುತ್ತಿದ್ದರೆ ಮಾತ್ರ ತೆರೆದಿದೆ ಎನ್ನುತ್ತವೆ. ಯುಡಿಪಿಯನ್ನು ಅದರದೇ ಕ್ಲೈಂಟ್ ಬಳಸಿಯೇ ಪರೀಕ್ಷಿಸಬೇಕು.

ಆಗದಿದ್ದಾಗ ಬರುವ ಸಂದೇಶವನ್ನು ಸರಿಯಾಗಿ ಓದಿ. ತಟ್ಟನೆ ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಬಂದರೆ ಪ್ಯಾಕೆಟ್ ಎಲ್ಲೋ ತಲುಪಿದೆ, ಅಲ್ಲಿದ್ದ ಯಂತ್ರ ಬೇಡ ಎಂದು ಉತ್ತರಿಸಿದೆ. ಹೆಚ್ಚಾಗಿ ಸರ್ವರ್ ಪ್ರೋಗ್ರಾಂ ನಿಂತಿರುತ್ತದೆ, ಇಲ್ಲವೇ ಒಳಗಿನ ಪೋರ್ಟ್ ತಪ್ಪಿರುತ್ತದೆ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ಯಾರೋ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿದ್ದಾರೆ: ಐಎಸ್‌ಪಿ, ರೂಟರ್, ಫೈರ್‌ವಾಲ್, ಯಾರು ಬೇಕಾದರೂ. ವಿಂಡೋಸ್ ಸರ್ವರ್ ಆದರೆ ಈ ವ್ಯತ್ಯಾಸವನ್ನು ಪೂರ್ತಿ ನಂಬಬೇಡಿ. ಅದರ ಫೈರ್‌ವಾಲ್ ಯಾರೂ ಕೇಳಿಸಿಕೊಳ್ಳದ ಪೋರ್ಟಿಗೂ ಬೇಡ ಎನ್ನದೆ ಸುಮ್ಮನಿದ್ದುಬಿಡುತ್ತದೆ.

ಟೈಮ್ ಔಟ್ ಆದಾಗ ಊಹೆ ಬಿಟ್ಟು ಪ್ಯಾಕೆಟ್ಟನ್ನೇ ನೋಡುವುದು ಲೇಸು. ಸರ್ವರಿನಲ್ಲಿ ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, ಪೋರ್ಟ್ 25565 ಎಂದು ಜರಡಿ ಹಾಕಿ, ವಿಂಡೋಸ್‌ನಲ್ಲಿ ವೈರ್‌ಶಾರ್ಕ್. ಈಗ ಮೊಬೈಲ್ ಡೇಟಾದಿಂದ ಕನೆಕ್ಟ್ ಒತ್ತಿ, ಪರದೆ ನೋಡಿ. ಬರುವುದು ಮೂರು ಬಗೆಯ ಚಿತ್ರ.

ಪರದೆ ಖಾಲಿ. ಪ್ಯಾಕೆಟ್ ಸರ್ವರಿನ ತನಕ ಬರಲೇ ಇಲ್ಲ. ದೋಷ ರೂಟರಿನ ಸಾಲಿನಲ್ಲಿ ಅಥವಾ ಅದರ ಆಚೆ. ವ್ಯಾನ್ ಐಪಿ ಹೋಲಿಕೆಗೆ ಮರಳಿ.

ಎಸ್ ಎಂಬ ಗುರುತಿನ ಒಂದು ಸಾಲು ಬರುತ್ತದೆ, ಅದು ಸಿನ್ ಪ್ಯಾಕೆಟ್, ಅಂದರೆ ಬಾಗಿಲು ತಟ್ಟಿದ ಸದ್ದು. ಒಂದು ಸೆಕೆಂಡ್ ಬಿಟ್ಟು ಮತ್ತೊಂದು, ಅದಾಗಿ ಎರಡು ಸೆಕೆಂಡಿಗೆ ಇನ್ನೊಂದು, ಮತ್ತೆ ನಾಲ್ಕು ಸೆಕೆಂಡಿಗೆ. ಸರ್ವರಿನಿಂದ ಒಂದೂ ಉತ್ತರವಿಲ್ಲ. ರೂಟರ್ ತನ್ನ ಕೆಲಸ ಮಾಡಿದೆ. ಹೆಚ್ಚಾಗಿ ಕಂಪ್ಯೂಟರಿನ ಫೈರ್‌ವಾಲ್ ತಡೆಯುತ್ತಿರುತ್ತದೆ, ಇಲ್ಲವೇ ಗೇಟ್‌ವೇ ತಪ್ಪಿರುತ್ತದೆ. ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲೇ ಪ್ಯಾಕೆಟ್ ನೋಡುತ್ತದೆ, ಆದ್ದರಿಂದಲೇ ಇದು ಕಾಣಿಸುವುದು.

ಸಿನ್ ಬರುತ್ತದೆ, ಸರ್ವರಿನಿಂದ ಎಸ್ ಜೊತೆ ಚುಕ್ಕೆ ಇರುವ ಉತ್ತರವೂ ಹೊರಡುತ್ತದೆ, ಆದರೂ ಆಚೆಯವನು ಕೇಳಿಸದವನಂತೆ ಮತ್ತೆ ಮತ್ತೆ ತಟ್ಟುತ್ತಾನೆ. ಉತ್ತರ ಬೇರೆ ದಾರಿ ಹಿಡಿದಿದೆ. ಎಲ್ಲ ಇಂಟರ್‌ಫೇಸುಗಳ ಮೇಲೆ ಕಣ್ಣಿಟ್ಟರೆ ಯಾವ ದಾರಿ ಎಂಬುದೂ ಕಾಣುತ್ತದೆ. ಸರ್ವರಿನಲ್ಲಿ ಯಾವುದೋ ವಿಪಿಎನ್ ಕ್ಲೈಂಟ್ ಓಡುತ್ತಿದ್ದರೆ ಹೀಗಾಗುತ್ತದೆ. ಬಂದದ್ದು ಮನೆಯ ರೂಟರಿನಿಂದ, ಉತ್ತರ ಹೋದದ್ದು ವಿಪಿಎನ್ ಟನೆಲ್ಲಿನಿಂದ, ಬೇರೆಯದೇ ವಿಳಾಸ ಹೊತ್ತು. ವಿಪಿಎನ್ ನಿಲ್ಲಿಸಿ ನೋಡಿ. ಈ ಮೂರನೆಯ ಬಗೆಯನ್ನು ಪ್ಯಾಕೆಟ್ ನೋಡದೆ ಊಹಿಸುವುದು ಬಹಳ ಕಷ್ಟ.

ರಾತ್ರಿ ಕೆಲಸ ಮಾಡಿ ಬೆಳಿಗ್ಗೆ ಆಗದಿದ್ದರೆ ಕಂಪ್ಯೂಟರ್ ಸ್ಲೀಪಿಗೆ ಹೋಗಿದೆ, ಅಥವಾ ಸಾರ್ವಜನಿಕ ಐಪಿ ಬದಲಾಗಿದೆ. ಎರಡನೆಯದಕ್ಕೆ ಡೈನಮಿಕ್ ಡಿಎನ್‌ಎಸ್ ಇದೆ: ಒಂದು ಹೆಸರು ಪಡೆದುಕೊಂಡು, ಐಪಿ ಬದಲಾದಾಗಲೆಲ್ಲ ಹೆಸರನ್ನು ಹೊಸದಕ್ಕೆ ತಿರುಗಿಸುವ ಏರ್ಪಾಟು. ರೂಟರುಗಳಲ್ಲೇ ಇದರ ಪುಟ ಇರುತ್ತದೆ. ಎರಡು ನ್ಯಾಟ್ ಇರುವ ಮನೆಯಲ್ಲಿ ಕೆಲವು ರೂಟರುಗಳು ತಮ್ಮ ವ್ಯಾನ್ ಐಪಿಯನ್ನೇ, ಅಂದರೆ 192.168ರದನ್ನು, ಕೊಂಡೊಯ್ದು ದಾಖಲಿಸಿಬಿಡುತ್ತವೆ. ಹೆಸರು ಯಾವ ವಿಳಾಸ ತೋರಿಸುತ್ತಿದೆ ಎಂದು ಎನ್‌ಎಸ್‌ಲುಕಪ್‌ನಲ್ಲಿ ಒಮ್ಮೆ ಕೇಳಿ ನೋಡಿ.

ಯಾವುದನ್ನು ತೆರೆಯಬಾರದು

2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಹೊರತಂದ ಝಡ್‌ಮ್ಯಾಪ್ ಎಂಬ ಸಾಧನ, ಒಂದು ಗಿಗಾಬಿಟ್ ಸಂಪರ್ಕದಲ್ಲಿ ಇಡೀ ಐಪಿವಿ4 ಇಂಟರ್ನೆಟ್ಟಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದು. ‘ನನ್ನ ಮನೆಯ ಐಪಿ ಯಾರಿಗೆ ಗೊತ್ತು’ ಎಂಬ ಧೈರ್ಯಕ್ಕೆ ಆಗಲೇ ಅರ್ಥ ಹೋಯಿತು. 22 ತೆರೆದ ಸ್ವಲ್ಪ ಹೊತ್ತಿನಲ್ಲೇ ಲಾಗ್‌ನಲ್ಲಿ ರೂಟ್, ಅಡ್ಮಿನ್ ಎಂಬ ಹೆಸರುಗಳಿಂದ ಪಾಸ್‌ವರ್ಡ್ ಪ್ರಯತ್ನಗಳು ಸಾಲುಗಟ್ಟುತ್ತವೆ. ಹೊರಗಿನ ಪೋರ್ಟನ್ನು 2222 ಮಾಡಿದರೆ ಗದ್ದಲ ಕಡಿಮೆಯಾಗುತ್ತದೆ, ಭದ್ರತೆ ಹೆಚ್ಚುವುದಿಲ್ಲ. ಎಸ್‌ಎಸ್‌ಎಚ್ ತೆರೆಯುವುದಾದರೆ ಕೀ ಮಾತ್ರ, ಪಾಸ್‌ವರ್ಡ್ ಲಾಗಿನ್ ಬಂದ್.

ಫೈಲ್ ಹಂಚಿಕೆಯ 445ನ್ನು ಎಂದೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ವಾನಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಆ ಪೋರ್ಟಿನಿಂದ. ರಿಮೋಟ್ ಡೆಸ್ಕ್‌ಟಾಪಿನ 3389 ಕೂಡ ಬೇಡ. 2019ರಲ್ಲಿ ಬಯಲಾದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡಿನ ಹಂಗೇ ಇರಲಿಲ್ಲ, ಲಾಗಿನ್ ಆಗುವ ಮೊದಲೇ ಒಳನುಗ್ಗಬಹುದಿತ್ತು. ಕ್ಯಾಮೆರಾ, ಡಿವಿಆರ್ ಪೆಟ್ಟಿಗೆಗಳ ಕಥೆ ಇನ್ನೂ ಕೆಟ್ಟದ್ದು. 2016ರ ಮಿರಾಯ್ ಎಂಬ ವೈರಸ್ 60ಕ್ಕೂ ಹೆಚ್ಚು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಟೆಲ್‌ನೆಟ್ ಪೋರ್ಟ್ ತಟ್ಟುತ್ತಾ ಹೋಯಿತು, ಅಷ್ಟರಲ್ಲೇ ವಶವಾದ ಸಾಧನಗಳ ದೊಡ್ಡ ಸೈನ್ಯ ಕಟ್ಟಿತು.

ಇವೆಲ್ಲವನ್ನೂ ದೂರದಿಂದ ಬಳಸಬೇಕಾದರೆ ಸರಿಯಾದ ದಾರಿ ಒಂದೇ ಬಾಗಿಲು ತೆರೆಯುವುದು: ವೈರ್‌ಗಾರ್ಡ್, ಯುಡಿಪಿ 51820. ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಸ್ಕ್ಯಾನ್ ಮಾಡುವವನಿಗೆ ಅಲ್ಲೊಂದು ಬಾಗಿಲು ಇದೆ ಎಂದೂ ತಿಳಿಯದು. 2020ರ ಲಿನಕ್ಸ್ 5.6ರಿಂದ ಕರ್ನಲ್‌ನಲ್ಲೇ ಇದೆ, ಕೆಲವು ವೈಫೈ ರೂಟರುಗಳಲ್ಲೂ ಬರುತ್ತಿದೆ. ಕ್ಯಾಮೆರಾ, ಡೆಸ್ಕ್‌ಟಾಪ್, ಫೈಲುಗಳು ಎಲ್ಲವನ್ನೂ ಅದರೊಳಗಿನಿಂದಲೇ 192.168.1ರ ವಿಳಾಸದಲ್ಲೇ ತಲುಪಬಹುದು. ಒಂದು ತೊಡಕಿದೆ: ನೀವು ಹೋದ ಕಡೆಯ ವೈಫೈಯೂ 192.168.1 ಸರಣಿಯಲ್ಲೇ ಇದ್ದರೆ ಎರಡೂ ಗೊಂದಲವಾಗುತ್ತವೆ. ಮನೆಯ ಸರಣಿಯನ್ನು 192.168.47ರಂಥ ಅಪರೂಪದ ಅಂಕಿಗೆ ಮೊದಲೇ ಬದಲಿಸಿಟ್ಟರೆ ಆ ಪೇಚು ತಪ್ಪುತ್ತದೆ.

ಡಾಕರ್ ಬಳಸುವವರಿಗೆ ಒಂದು ಮಾತು: ಡಾಕರ್ ಪಬ್ಲಿಷ್ ಮಾಡಿದ ಪೋರ್ಟ್ ಯುಎಫ್‌ಡಬ್ಲ್ಯು (ಲಿನಕ್ಸ್‌ನ ಒಂದು ಫೈರ್‌ವಾಲ್) ನಿಯಮಗಳಿಗೆ ಸಿಗುವುದಿಲ್ಲ, ಅವನ್ನು ದಾಟಿಕೊಂಡು ಹೋಗುತ್ತದೆ. ಯುಎಫ್‌ಡಬ್ಲ್ಯು ತಡೆಯುತ್ತಿದೆ ಎಂಬ ನಂಬಿಕೆಯಲ್ಲಿ ರೂಟರಿನಲ್ಲಿ ಪೋರ್ಟುಗಳ ದೊಡ್ಡ ಶ್ರೇಣಿ ಫಾರ್ವರ್ಡ್ ಮಾಡಬೇಡಿ.

ಐಪಿವಿ6 ಇದ್ದರೆ ನ್ಯಾಟ್‌ನ ಗೋಜಿಲ್ಲ. ಪ್ರತಿ ಸಾಧನಕ್ಕೂ 2 ಅಥವಾ 3ರಿಂದ ಶುರುವಾಗುವ ಸಾರ್ವಜನಿಕ ವಿಳಾಸ ಸಿಗುತ್ತದೆ. ಹಾಗಾಗಿ ಫಾರ್ವರ್ಡಿಂಗ್ ಪುಟಕ್ಕೆ ಹೋಗಬೇಡಿ. ಐಪಿವಿ6 ಫೈರ್‌ವಾಲ್ ಪುಟದಲ್ಲಿ ಆ ವಿಳಾಸದ ಆ ಪೋರ್ಟಿಗೆ ಅನುಮತಿ ಬರೆಯಿರಿ. ಸಾಧನದಲ್ಲಿ ಕಾಣುವ ವಿಳಾಸಗಳಲ್ಲಿ ಟೆಂಪರರಿ ಎಂದಿರುವುದನ್ನು ಬಿಟ್ಟು ಸ್ಥಿರವಾದದ್ದನ್ನು ಆರಿಸಿ, ಟೆಂಪರರಿ ಆಗಾಗ ಬದಲಾಗುತ್ತದೆ. ಎಫ್‌ಇ80ರಿಂದ ಶುರುವಾಗುವುದು ಮನೆಯ ಆಚೆ ನಡೆಯದು. ಆಚೆಯವನಿಗೂ ಐಪಿವಿ6 ಇರಬೇಕು ಎಂಬುದೊಂದೇ ಷರತ್ತು. ಸಿಜಿನ್ಯಾಟ್ ಹಿಂದೆ ಸಿಕ್ಕಿಕೊಂಡವರಿಗೆ ಹೆಚ್ಚಾಗಿ ಇದೇ ಎಲ್ಲಕ್ಕಿಂತ ಸುಲಭದ ದಾರಿ.

ಸರ್ವರ್ ನಿಲ್ಲಿಸಿದ ದಿನವೇ ರೂಟರಿನ ಸಾಲನ್ನೂ ಅಳಿಸಿ, ರಿಸರ್ವೇಶನ್ ಆಮೇಲೆ ತೆಗೆಯಿರಿ. ಉಲ್ಟಾ ಮಾಡಿದರೆ 192.168.1.50 ಖಾಲಿಯಾಗಿ, ಮುಂದೆ ಬಂದ ಯಾವುದೋ ಪ್ರಿಂಟರಿಗೋ ಕ್ಯಾಮೆರಾಕ್ಕೋ ಹೋಗುತ್ತದೆ, ಹಳೆಯ ಸಾಲು ಹೊರಗಿನವರನ್ನು ಅದರ ಹತ್ತಿರ ಕಳಿಸುತ್ತಲೇ ಇರುತ್ತದೆ.